ಮೂವತ್ತೊಂದನೆಯ ಪುಸ್ತಕ ಮುಗಿದ ಮೇಲೆ

ದಂಡಿನಶಿವರ
10 ನವೆಂಬರ್ 2025, ಸೋಮವಾರ

ಮಗಳು ರಾಧಾಮಣಿಗೆ ಅಪ್ಪನ ಮನಸಾರೆ ಆಶೀರ್ವಾದಗಳು.

ಮಣಿ, ಹೇಗಿದ್ದೀಯಮ್ಮ? ದಾವಣಗೆರೆಯಲ್ಲಿ ಚಳಿ ಶುರುವಾಯಿತೇ? ಬಟ್ಟೆ ಅಂಗಡಿಯಲ್ಲಿ ಇಡೀ ದಿನ ನಿಂತುಕೊಂಡೇ ಬಿಲ್ ಹಾಕಬೇಕು, ಕಾಲು ಊದಿಕೊಳ್ಳುತ್ತದೆ ಎಂದು ನಿಮ್ಮಮ್ಮನ ಹತ್ತಿರ ಹೇಳಿದೆಯಂತೆ. ಕೆಲಸದಿಂದ ಬಂದ ಮೇಲೆ ಬಿಸಿನೀರಿಗೆ ಒಂದು ಹಿಡಿ ಕಲ್ಲುಪ್ಪು ಹಾಕಿ ಕಾಲು ಇಳಿಬಿಟ್ಟುಕೊಂಡು ಕೂತುಕೋ, ಉದಾಸೀನ ಮಾಡಬೇಡ. ಹಾಸ್ಟೆಲ್ಲಿನ ಸಾರು ಬಾಯಿಗೆ ಇಡುವ ಹಾಗಿಲ್ಲವೆಂದು ಗೊತ್ತಾಯಿತು, ಊರಿಗೆ ಬಂದಿರುವ ನಿನ್ನ ಗೆಳತಿ ಚೈತ್ರಳ ಕೈಲಿ ಸಾರಿನ ಪುಡಿ, ಕೊಬ್ಬರಿ ಮಿಠಾಯಿ ಕಳಿಸುತ್ತಿದ್ದೇವೆ. ಇಲ್ಲಿ ನಾವು ಕ್ಷೇಮ. ನಿಮ್ಮಮ್ಮನ ಮಂಡಿನೋವು ಇದ್ದ ಹಾಗೇ ಇದೆ, ಬಾಯಿಯೂ ಇದ್ದ ಹಾಗೇ ಇದೆ. ಕೆಂದ ಹಸು ಹೆಣ್ಣುಕರು ಹಾಕಿತು. ಇವೆಲ್ಲ ನಿನಗೆ ಆಗಲೇ ಗೊತ್ತು. ಭಾನುವಾರ ನೀನು ಅಮ್ಮನಿಗೆ ಫೋನ್ ಮಾಡಿದಾಗ ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತೇನೆ. ಕದ್ದು ಕೇಳುವುದು ತಪ್ಪು. ಆದರೆ ಫೋನು ನನ್ನ ಕೈಗೆ ಬಂದ ತಕ್ಷಣ ನೀನು ಕಟ್ ಮಾಡುತ್ತೀಯಲ್ಲ, ನಿನ್ನ ದನಿ ಕೇಳುವುದಕ್ಕೆ ನನಗೆ ಬೇರೆ ದಾರಿ ಯಾವುದಿದೆ ಹೇಳು. ಕಾಗದವನ್ನಾದರೆ ಕಟ್ ಮಾಡುವುದಕ್ಕೆ ಆಗುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಹರಿದು ಹಾಕಬಹುದು. ಹಾಕಬೇಡ ತಾಯಿ, ಕಾಲಿಗೆ ಬಿದ್ದೆ ಅಂತ ತಿಳಿದುಕೊಂಡು ಕೊನೆಯವರೆಗೆ ಓದು.

ಆರು ವರ್ಷದ ಹಿಂದಿನ ಆ ಆಷಾಢವನ್ನು ಎತ್ತದೆ ಮುಂದಿನದನ್ನು ಹೇಳಲಾಗುವುದಿಲ್ಲ. ಜಡಿಮಳೆ ಹಿಡಿದು ಕೊಬ್ಬರಿಯಾಗಲೆಂದು ಅಟ್ಟದ ಮೇಲಿಟ್ಟ ತೆಂಗಿನಕಾಯಿಗೆ ತಂಡಿ ಹೊಡೆಯುತ್ತದೆಂದು ಕೊಟ್ಟಿಗೆ ಮನೆಯ ಅಟ್ಟದ ಕೆಳಗೆ ಕಾಯಿ ಸುಲಿದ ಮಟ್ಟೆ ಒಟ್ಟಿ ಹೊಗೆ ಹಾಕಿದ್ದೆವು. ನಾನು ತಿಪಟೂರಿಗೆ ಹೋಗುವಾಗ ನಿನಗೆ ನೋಡಿಕೊಳ್ಳಲು ಹೇಳಿದ್ದೆ. ನೀನು ಕಾಲೇಜಿಗೆ ರಜೆ ಎಂದು ಪುಸ್ತಕ ಹಿಡಿದು ಅಲ್ಲೇ ಬಾಗಿಲಲ್ಲಿ ಕೂತಿದ್ದೆ. ಬರೀ ಹೊಗೆಯಾಡಬೇಕಾದದ್ದು ಉರಿ ಎದ್ದು ಅಟ್ಟಕ್ಕೆ ತಗುಲಿತು. ನಾನು ಬರುವಷ್ಟರಲ್ಲಿ ಅಕ್ಕಪಕ್ಕದವರು ನೀರು ಹುಯ್ದು, ಉರಿಯುವ ಮಟ್ಟೆಯನ್ನೆಲ್ಲ ಅಂಗಳಕ್ಕೆ ಎಳೆದು ಹಾಕಿದ್ದರು. ಹತ್ತು ತಿಂಗಳು ಅಟ್ಟದಲ್ಲಿದ್ದ ಕಾಯಿ, ಅರ್ಧ ಸುಟ್ಟು ಅರ್ಧ ನೆಂದು ಯಾವುದಕ್ಕೂ ಬಾರದ ಹಾಗಾಯಿತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ನಿನಗೆ ಹುಟ್ಟಿದಾಗಿನಿಂದ ಗೊತ್ತು. "ಪುಸ್ತಕ ಹಿಡ್ಕಂಡು ಕೂತು ಮನೆ ಹಾಳ್ ಮಾಡ್ದೆಯಲ್ಲೇ" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದೆ. ನಿನ್ನ ಟ್ರಂಕು ಎಳೆದು ತಂದು ಅದರಲ್ಲಿದ್ದ ಪುಸ್ತಕವನ್ನೆಲ್ಲ ಆ ಅರ್ಧ ಆರಿದ ಬೆಂಕಿಗೆ ಸುರಿದು ಮೇಲೆ ಸೀಮೆಎಣ್ಣೆ ಹುಯ್ದೆ. ನೀನು ಅಳಲಿಲ್ಲ. ಮಾರನೆಯ ದಿನ ಬ್ಯಾಗು ಹಿಡಿದು ಹೊರಟವಳು ಹೊಸಿಲ ಮೇಲೆ ನಿಂತು ಒಂದೇ ಮಾತು ಹೇಳಿದೆ. "ಅಪ್ಪಾ, ನೀನು ಸುಟ್ಟಷ್ಟನ್ನ ನೀನೇ ಕೂತ್ಕಂಡು ಓದು. ಆಮೇಲೆ ಈ ಮನೆಗೆ ಬತ್ತೀನಿ." ಹೋಗಲಿ ಬಿಡು, ವಾರದಲ್ಲಿ ಬರುತ್ತಾಳೆ ಎಂದುಕೊಂಡೆ. ವಾರ ಹೋಗಿ ವರ್ಷ ಬಂತು. ಐದು ವರ್ಷ ನಾನೂ ಹಟ ಹಿಡಿದು ಕೂತೆ. ಎಂಥ ದಡ್ಡ ನೋಡು.

ಈ ವರ್ಷ ಜನವರಿಯಲ್ಲಿ ನಮ್ಮ ಪಂಚಾಯಿತಿ ಲೈಬ್ರರಿಗೆ ವರ್ಷಿಣಿ ಎಂಬ ಹುಡುಗಿ ಮೇಲ್ವಿಚಾರಕಿಯಾಗಿ ಬಂದಳು. ನಿನಗಿಂತ ಎರಡು ವರ್ಷ ಚಿಕ್ಕವಳಿರಬೇಕು. ಅವಳು ಗಣರಾಜ್ಯೋತ್ಸವದ ದಿನ "ಓದಿನ ಓಟ" ಎಂದು ಶುರು ಮಾಡಿದಳು. ಎಷ್ಟು ಪುಸ್ತಕ ಓದುತ್ತೇವೆಂದು ಅವರವರೇ ಗುರಿ ಬರೆಸಬೇಕು, ರಾಜ್ಯೋತ್ಸವದ ಹೊತ್ತಿಗೆ ಮುಟ್ಟಬೇಕು, ಒಂದೊಂದು ಪುಸ್ತಕ ಮುಗಿದ ಮೇಲೂ ಅದರಲ್ಲಿ ಮನಸ್ಸಿಗೆ ಹಿಡಿದದ್ದನ್ನು ಒಂದು ಸಾಲು ಬರೆದು ಕೊಡಬೇಕು. ಮಕ್ಕಳೆಲ್ಲ ಸಾಲಾಗಿ ನಿಂತು ಐವತ್ತು, ಎಪ್ಪತ್ತು ಎಂದು ಬರೆಸುತ್ತಿದ್ದರು. ನಾನು ಮನೆಗೆ ಬಂದು ನಿಮ್ಮಮ್ಮನನ್ನು ಕೇಳಿದೆ, ಮಣಿಯ ಟ್ರಂಕಿನಲ್ಲಿ ಎಷ್ಟು ಪುಸ್ತಕ ಇದ್ದವು ಎಂದು. ಅವಳಿಗೆ ಅಕ್ಷರ ಬಾರದಿದ್ದರೂ ಪ್ರತಿ ಆಯುಧಪೂಜೆಗೆ ಅವನ್ನು ಒರೆಸಿ, ಕುಂಕುಮ ಇಟ್ಟು ಎಣಿಸುತ್ತಿದ್ದಳಂತೆ. ತಟ್ಟನೆ "ಮೂವತ್ತೊಂದು" ಎಂದಳು. ಯಾಕೆ ಎಂದು ಕೇಳಲಿಲ್ಲ. ನಾನು ವಾಪಸು ಹೋಗಿ ಮೂವತ್ತೊಂದು ಎಂದು ಬರೆಸಿದೆ. ಎಸ್ಸೆಸ್ಸೆಲ್ಸಿ ಫೇಲಾದ ಮೇಲೆ ಪಂಚಾಂಗ, ಗೊಬ್ಬರದ ಚೀಟಿ ಬಿಟ್ಟರೆ ಏನೂ ಓದದ ಐವತ್ತೊಂಬತ್ತರ ಮುದುಕ. ಟೀ ಅಂಗಡಿಯಲ್ಲಿ ಗಂಗರಾಜು ಸುಮ್ಮನಿರುತ್ತಾನೆಯೇ? "ಏನ್ಲಾ ರಂಗ, ಕಾಲೇಜ್ ಸೇರ್ತೀಯಂತೆ, ಬ್ಯಾಗು ತಗಂಡ್ಯಾ?" ಎಂದು ದಿನಾ ಕಿಚಾಯಿಸಿದ. ನಕ್ಕರೆ ನಗಲಿ ಎಂದು ಟೀ ಕುಡಿದು ಎದ್ದು ಬರುತ್ತಿದ್ದೆ.

ಮೊದಲನೆಯ ಪುಸ್ತಕಕ್ಕೆ ಇಪ್ಪತ್ತಮೂರು ದಿನ ಹಿಡಿಯಿತು. ಹಾಲು ಕರೆದು ಡೇರಿಗೆ ಹಾಕಿ ಬಂದು, ತೋಟದ ತೊಟ್ಟಿಯ ಕಟ್ಟೆ ಮೇಲೆ ಕೂತು, ಸಾಲಿನ ಕೆಳಗೆ ಬೆರಳಿಟ್ಟು ಒಂದನೇ ತರಗತಿಯವನ ಹಾಗೆ ಬಾಯಿಬಿಟ್ಟು ಓದುತ್ತಿದ್ದೆ. ಪುಟ ತಿರುಗಿಸುವಷ್ಟರಲ್ಲಿ ಹಿಂದಿನ ಪುಟದ್ದು ಮರೆತಿರುತ್ತಿತ್ತು. ಹೀಗಾದರೆ ಈ ಜನ್ಮದಲ್ಲಿ ಮುಗಿಯುವುದಿಲ್ಲ ಎಂದು ಹೆದರಿಕೆಯಾಗಿ ಒಂದು ಕಳ್ಳತನ ಮಾಡಿದೆ. ಚಿತ್ರ ದೊಡ್ಡದಾಗಿ ಅಕ್ಷರ ಕಮ್ಮಿ ಇರುವ ತೆಳ್ಳನೆಯ ಪುಸ್ತಕಗಳನ್ನು ಆರಿಸಿ ಒಂದೇ ವಾರದಲ್ಲಿ ಏಳು ಮುಗಿಸಿಬಿಟ್ಟೆ. ವರ್ಷಿಣಿ ನನ್ನ ಕಾರ್ಡು ನೋಡಿ, "ಮಾವ, ಇವು ಮೂರ್ನೇ ಕ್ಲಾಸ್ ಮಕ್ಕಳದು. ನಿಮ್ಗೆ ನಂಬರ್ ಬೇಕೋ, ಓದೋದ್ ಬೇಕೋ?" ಎಂದಳು. ನನಗೆ ನನ್ನ ಮಗಳು ಬೇಕು ಎಂದು ಬಾಯಿಗೆ ಬಂತು, ನುಂಗಿಕೊಂಡೆ. ನಾನೇ ಅವಳ ಪೆನ್ನು ತೆಗೆದುಕೊಂಡು ಏಳನ್ನೂ ಹೊಡೆದು ಹಾಕಿದೆ. ಹೀಚುಕಾಯಿ ಸೇರಿಸಿ ನೂರು ಕಾಯಿ ಎಂದು ಲೆಕ್ಕ ಕೊಟ್ಟ ಹಾಗೆ ಆಗಿತ್ತು, ಅದು ನಿನ್ನ ಹತ್ತಿರ ನಡೆಯುತ್ತಿರಲಿಲ್ಲ. ಆಮೇಲೆ ಅವಳು ಕೊಟ್ಟದ್ದನ್ನೇ ಓದಿದೆ. ದಪ್ಪದ್ದೂ ಓದಿದೆ. ಅರ್ಥವಾಗದ್ದನ್ನು ಎರಡು ಸಲ ಓದಿದೆ.

ಶ್ರಾವಣದಲ್ಲಿ ಒಂದು ದಿನ ನಿಮ್ಮಮ್ಮ ಒಲೆಯ ಮೇಲೆ ಹಾಲಿಟ್ಟು, ನೋಡಿಕೊಳ್ಳಿ ಎಂದು ಹೇಳಿ ಹಿತ್ತಲಿಗೆ ಹೋದಳು. ಕೈಯಲ್ಲಿದ್ದದ್ದು ಹತ್ತೊಂಬತ್ತನೆಯ ಪುಸ್ತಕ. ಅದರಲ್ಲೊಬ್ಬಳು ಬಸುರಿ ಹೆಂಗಸು, ಹೊಳೆ ತುಂಬಿದೆ, ದಾಟಬೇಕು. ಅವಳು ದಾಟುತ್ತಾಳೋ ಇಲ್ಲವೋ ಎಂದು ನನ್ನ ಜೀವ ಬಾಯಿಗೆ ಬಂದಿತ್ತು. ಹಾಲು ಉಕ್ಕಿ, ಒಲೆ ಆರಿ, ಸೀದ ವಾಸನೆ ಮನೆಯೆಲ್ಲ ತುಂಬಿದರೂ ನನಗೆ ಗೊತ್ತಾಗಲಿಲ್ಲ. ನಿಮ್ಮಮ್ಮ ಓಡಿ ಬಂದು "ಮೂರ್ ಸಲ ಕೂಗ್ದೆ, ಕಿವಿ ಕೇಳಕಿಲ್ವಾ?" ಎಂದವಳು ನನ್ನ ಕೈಯಲ್ಲಿದ್ದ ಪುಸ್ತಕ ನೋಡಿದಳು. ಆಮೇಲೆ "ಹಾಲು ಹೋದ್ರೆ ಹೋಯ್ತು ಬುಡಿ" ಎಂದು ಬಟ್ಟೆ ತಂದು ಒಲೆ ಒರೆಸಿದಳು. ಅಷ್ಟೇ ಮಣಿ. ಅಷ್ಟೇ ಹೇಳಿದ್ದರೆ ಸಾಕಿತ್ತು ಅವತ್ತು ನಾನೂ. ಅಡುಗೆಮನೆಯಲ್ಲೇ ಕೂತು ಅತ್ತೆ. ನಿಮ್ಮಮ್ಮ ನೋಡಿದರೂ ನೋಡದ ಹಾಗೆ ಬೆನ್ನು ತಿರುಗಿಸಿಕೊಂಡು ಒಲೆಯನ್ನೇ ಒರೆಸುತ್ತಿದ್ದಳು.

ಹೋದ ಭಾನುವಾರದ ಹಿಂದಿನ ಭಾನುವಾರ, ರಾಜ್ಯೋತ್ಸವದ ಮಾರನೆಯ ದಿನ, ಓಟ ಮುಗಿಯಿತು. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಲೈಬ್ರರಿಯಲ್ಲಿ ಓದು ನಿಲ್ಲಬಾರದು, ಒಬ್ಬರಾದ ಮೇಲೆ ಒಬ್ಬರು ಗಟ್ಟಿಯಾಗಿ ಓದಬೇಕು ಎಂದು ವರ್ಷಿಣಿ ಏರ್ಪಾಡು ಮಾಡಿದ್ದಳು. ನನ್ನ ಸರದಿ ನಾಲ್ಕು ಗಂಟೆಗೆ. ಮೂವತ್ತೊಂದನೆಯ ಪುಸ್ತಕದ ಕೊನೆಯ ಅಧ್ಯಾಯವನ್ನು ಅಲ್ಲೇ ಎಲ್ಲರೆದುರಿಗೆ ಮುಗಿಸಬೇಕೆಂದು ಉಳಿಸಿಕೊಂಡಿದ್ದೆ. ಇಸ್ತ್ರಿ ಪಂಚೆ, ಬಿಳಿ ಅಂಗಿ ಹಾಕಿಕೊಂಡು ಮದುವೆಗೆ ಹೋಗುವವನ ಹಾಗೆ ಹೋಗಿ ಕೂತೆ. ಗಂಗರಾಜುವೂ ಬಂದಿದ್ದ. ಐದಾರು ಪುಟ ಚೆನ್ನಾಗಿಯೇ ಓದಿದೆ. ಆ ಕಥೆಯಲ್ಲಿ ಒಬ್ಬ ಕುಂಬಾರ, ಓಡಿಹೋದ ಮಗಳಿಗೆಂದು ದಿನಾ ಒಂದು ತಟ್ಟೆ ಊಟ ಬಡಿಸಿಟ್ಟು, ಬೆಳಿಗ್ಗೆ ಅದನ್ನು ದನಕ್ಕೆ ಹಾಕುತ್ತಾನೆ. ಆ ಸಾಲಿಗೆ ಬಂದವನು ಮುಂದಕ್ಕೆ ಹೋಗಲಾರದೆ ಹೋದೆ. "ಕನ್ನಡಕ ಒರ್ಸ್ಕಳ್ಲಾ ರಂಗ" ಎಂದು ಗಂಗರಾಜು ಮೆಲ್ಲಗೆ ಹೇಳಿದ. ಅವತ್ತು ಅವನು ನಗಲಿಲ್ಲ. ಓದು ನಿಲ್ಲಬಾರದಲ್ಲ, ವರ್ಷಿಣಿ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಮುಂದೆ ಓದಿದಳು. ಉಳಿದದ್ದನ್ನು ಮಾರನೆಯ ದಿನ ತೋಟದಲ್ಲಿ ಒಬ್ಬನೇ ಕೂತು ಓದಿ ಮುಗಿಸಿದೆ. ಮೂವತ್ತೊಂದೂ ಆಯಿತು. ನಿನ್ನ ಮಾತು ನಡೆಸಿಕೊಟ್ಟೆ, ಇನ್ನು ನೀನು ಬರುತ್ತೀ ಎಂದು ನಿನ್ನ ಕೋಣೆ ತೊಳೆಸಿ, ಕಿಟಕಿಗೆ ಬಣ್ಣ ಹೊಡೆಸಿದೆ.

ಅಷ್ಟರಲ್ಲಿ ಚೈತ್ರ ತವರಿಗೆ ಬಂದಳು. ದಾವಣಗೆರೆಯಲ್ಲಿ ನೀವಿಬ್ಬರೂ ಆಗಾಗ ಸೇರುತ್ತೀರಂತೆ. ಮೂವತ್ತೊಂದು ಪುಸ್ತಕದ ಹೆಸರು, ನಾನು ಬರೆದ ಒಂದೊಂದು ಸಾಲು, ಎಲ್ಲವನ್ನೂ ನಿನಗೆ ತಲುಪಿಸು ಎಂದು ಅವಳ ಕೈಗೆ ಕೊಡಲು ಹೋದೆ. ಅವಳು ತೆಗೆದುಕೊಳ್ಳಲಿಲ್ಲ. "ಬ್ಯಾಡ ಮಾವ, ಅವ್ಳು ಓದೋದೇ ಬುಟ್ಟವ್ಳೆ. ಪುಸ್ತಕ ತೆಗುದ್ರೆ ಸಾಕು, ಹೊಗೆ ವಾಸ್ನೆ ಬತ್ತದೆ ಅಂತಾಳೆ. ನನ್ನಿಂದ ವರ್ಷದ ಕೊಬ್ರಿ ಹೋಯ್ತು, ಅಪ್ಪ ಮಾಡಿದ್ದು ಸರಿ ಅಂತಾಳೆ" ಎಂದಳು. ಕಾಲೇಜಿಗೂ ಅದಕ್ಕೇ ವಾಪಸು ಹೋಗಲಿಲ್ಲವಂತೆ. ಮಣಿ, ನೀನು ನನ್ನ ಮೇಲಿನ ಸಿಟ್ಟಿಗೆ ಮನೆ ಬಿಟ್ಟೆ ಎಂದು ಆರು ವರ್ಷ ತಿಳಿದಿದ್ದೆ. ಸಿಟ್ಟಾದರೆ ಒಂದು ದಿನ ಇಳಿಯುತ್ತದೆ ಎಂದುಕೊಂಡಿದ್ದೆ. ಆ ಸಿಟ್ಟು ಎಂದೋ ಇಳಿದು, ನೀನು ನನಗೆ ಮುಖ ತೋರಿಸಲು ನಾಚಿ, ತಪ್ಪೆಲ್ಲ ನಿನ್ನದೇ ಎಂದುಕೊಂಡು ಕೂತಿದ್ದೀ ಎಂದು ಕೇಳಿದ ಮೇಲೆ ನನಗೆ ಅನ್ನ ಇಳಿಯುತ್ತಿಲ್ಲ. ಅಪ್ಪ ಮಾಡಿದ್ದು ಸರಿ ಎಂದೆಯಾ? ಹಾಗೆನ್ನಬೇಡ. ನನಗೆ ಬೈ. ಬಾಯಿಗೆ ಬಂದದ್ದು ಬೈ. ಆ ಮಾತೊಂದನ್ನು ಮಾತ್ರ ಅನ್ನಬೇಡ, ನನ್ನ ಕೈಲಿ ತಡೆಯಲಾಗುವುದಿಲ್ಲ.

ಓದುವುದನ್ನು ಬಿಟ್ಟ ನಿನಗೆ ಓದಲು ಕಾಗದ ಕಳಿಸುತ್ತಿದ್ದೇನೆ. ನಾಲ್ಕು ದಿನದಿಂದ ಬರೆದು ಹರಿದು, ಬರೆದು ಹರಿದು, ವರ್ಷಿಣಿಯ ಹತ್ತಿರ ಎರಡು ಸಲ ಬಿಳಿ ಹಾಳೆ ಕೇಳಿ ತಂದೆ. ನಿನಗೆ ಏನು ಹೇಳಿದರೆ ಮನಸ್ಸು ತಿರುಗುತ್ತದೋ ಗೊತ್ತಾಗುತ್ತಿಲ್ಲ. ಮೂವತ್ತೊಂದು ಪುಸ್ತಕದಲ್ಲಿ ಹುಡುಕಿದೆ, ಅಪ್ಪನಾದವನು ಮಗಳಿಗೆ ಇಂಥದ್ದನ್ನು ಹೇಗೆ ಬರೆಯಬೇಕೆಂದು ಯಾರೂ ಬರೆದಿಲ್ಲ.

ಆರೋಗ್ಯ ನೋಡಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಮ್ಮಮ್ಮ ನಿನಗೆ ಸಾವಿರ ಸಲ ಒಳ್ಳೆಯದಾಗಲಿ ಎಂದು ಬರೆಯಲು ಹೇಳಿದ್ದಾಳೆ. ಹಾಸ್ಟೆಲ್ಲಿನ ನಿನ್ನ ಜೊತೆಯವರಿಗೂ ನಮ್ಮ ನೆನಪು ಹೇಳು. ಎಲ್ಲಿದ್ದರೂ ತಣ್ಣಗಿರು ಮಗಳೇ.

ನಿನ್ನ ಎದುರಿಗೆ ನಿಲ್ಲುವ ಯೋಗ್ಯತೆ ಕಳೆದುಕೊಂಡ ನಿನ್ನ ಅಪ್ಪ,
ಹುಚ್ಚರಂಗಯ್ಯ

ತಾ.ಕ.: ಚೈತ್ರ ಬಂದು ಅಂಗಳದಲ್ಲಿ ನಿಂತಿದ್ದಾಳೆ, ಬಸ್ಸಿಗೆ ಹೊತ್ತಾಯಿತಂತೆ. ಇಷ್ಟು ಬರೆದರೂ ಬರೆಯಬೇಕಾದದ್ದನ್ನು ಬರೆಯಲಿಲ್ಲ. ಅವತ್ತು ಬೆಂಕಿ ಎದ್ದದ್ದು ನೀನು ಓದುತ್ತಾ ಕೂತಿದ್ದರಿಂದಲ್ಲ. ಮಟ್ಟೆ ನೆಂದು ಹೊಗೆ ಹಿಡಿಯುತ್ತಿರಲಿಲ್ಲ, ನನಗೆ ತಿಪಟೂರಿನ ಬಸ್ಸು ತಪ್ಪುವ ಆತುರ. ಎರಡು ಮಂಕರಿ ಒಣ ತೆಂಗಿನ ಚಿಪ್ಪನ್ನು ತಳಕ್ಕೆ ಸುರಿದು, ಮೇಲೆ ಮಟ್ಟೆ ಮುಚ್ಚಿ, ನಿನಗೆ ಒಂದು ಮಾತೂ ಹೇಳದೆ ಹೋದೆ. ಚಿಪ್ಪು ಭಗ್ಗನೆ ಉರಿಯುತ್ತದೆಂದು ಕೊಬ್ಬರಿ ಮಾಡುವ ಯಾರೂ ಹೊಗೆಗೆ ಅದನ್ನು ಹಾಕುವುದಿಲ್ಲ. ನೀನು ರೆಪ್ಪೆ ಮಿಟುಕಿಸದೆ ನೋಡುತ್ತಾ ಕೂತಿದ್ದರೂ ನಿನ್ನ ಕೈಲಿ ಅದನ್ನು ನಿಲ್ಲಿಸಲು ಆಗುತ್ತಿರಲಿಲ್ಲ. ನಾನು ಬಂದಾಗ ಅಂಗಳದ ಬೂದಿಯಲ್ಲಿ ಚಿಪ್ಪಿನ ಕೆಂಡ ಕಣ್ಣಿಗೆ ಬಿತ್ತು. ಗಾಬರಿಯಲ್ಲಿ ಬೇರೆ ಯಾರೂ ನೋಡಿರಲಿಲ್ಲ. ಅವರು ನೋಡಬಾರದೆಂದೇ ನಿನ್ನ ಪುಸ್ತಕ ತಂದು ಅದರ ಮೇಲೆ ಸುರಿದೆ. ನಿಮ್ಮಮ್ಮನಿಗೂ ಗೊತ್ತಿಲ್ಲ, ಚೈತ್ರ ಹೊರಟ ಕೂಡಲೇ ಹೇಳುತ್ತೇನೆ. ನೀನು ಮನೆಗೆ ಬರದಿದ್ದರೂ ಸರಿ ಮಣಿ, ಓದು. ಅವತ್ತು ನೀನು ಏನೂ ತಪ್ಪು ಮಾಡಿರಲಿಲ್ಲ.