ಎರಡು ಸಲ ಒತ್ತುವ ಬ್ರೇಕು

ಅಕ್ಟೋಬರ್ 6

ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ, ಪೇಷೆಂಟ್‌ಗಳು ಕಾಯುವ ಕುರ್ಚಿಗೆ ಹೊಸ ಹೊದಿಕೆ ಹಾಕಿ ಮುಟ್ಟಿಸಿ ಬಂದೆ. ನೀಲಿ ರೆಕ್ಸಿನ್, ಒಳಗೆ ಹೊಸ ಸ್ಪಂಜು. ಡಾಕ್ಟರು ತಾವೇ ಕೂತು ನೋಡಿ, "ಇಷ್ಟು ಮೆತ್ತಗಿದ್ರೆ ಪೇಷೆಂಟ್‌ಗಳು ಎದ್ದು ಒಳಗೇ ಬರಲ್ಲ" ಅಂದರು. ಹೊಗಳಿಕೆಯೋ ದೂರೋ ತಿಳಿಯಲಿಲ್ಲ. ಹೊಗಳಿಕೆ ಅಂತಲೇ ಇಟ್ಟುಕೊಂಡೆ.

ಪಕ್ಕದ ಸೀಟಿನಲ್ಲಿ ಮಾವ, ಎಂದಿನಂತೆ. ಓಡಿಸುವುದು ನಾನು, ಹೇಳುವುದು ಅವರು. ಗೇರ್ ಇಳಿಸು. ಹಾರ್ನ್ ಹೊಡಿ. ಆ ಸೈಕಲ್ಲಿನವನನ್ನ ನೋಡು, ಕುಡಿದಿದಾನೆ. (ಕುಡಿದಿರಲಿಲ್ಲ.) ನಮ್ಮ ಬೀದಿಯ ಇಳಿಜಾರಿನಲ್ಲಿ ಪಿಕಪ್ಪು ಮತ್ತೆ ಗರಗರ ಅಂದಿತು. "ದೊಡ್ಡಮ್ಮ ಹಾಡ್ತಿದಾಳೆ" ಅಂದರು. ಗಾಡಿಗೆ ದೊಡ್ಡಮ್ಮ ಅಂತ ಹೆಸರಿಟ್ಟವರು ಅವರೇ. ಆಯಿಲ್, ಗ್ರೀಸ್, ನೀರು — ಎಲ್ಲ ಅವರ ಕೈಯಿಂದಲೇ ಆಗಬೇಕು. ಬೇರೆಯವರು ಬಾನೆಟ್ ಮುಟ್ಟಿದರೆ ಮುಖ ಸಿಂಡರಿಸುತ್ತಾರೆ.

ಸಂಜೆ ಬ್ರೇಕ್ ಆಯಿಲ್ ಮತ್ತೆ ತುಂಬಿಸಿದರು. "ಇತ್ತೀಚೆಗೆ ಬಾಯಾರಿಕೆ ಜಾಸ್ತಿ ಇವಳಿಗೆ. ವಯಸ್ಸಾಯ್ತಲ್ಲ."

ತಮ್ಮ ವಯಸ್ಸಿನ ಮಾತು ಮಾತ್ರ ಎತ್ತುವುದಿಲ್ಲ.

ಎಡ ಮಣಿಕಟ್ಟು ನೋವು. ಬಟ್ಟೆ ಬಿಗಿಯಾಗಿ ಎಳೆದು ಹಿಡಿಯಲು ಆಗಲಿಲ್ಲ ಇವತ್ತು.

ಅಕ್ಟೋಬರ್ 9

ಮಣಿಕಟ್ಟಿಗೆ ಪಟ್ಟಿ ಬಿತ್ತು. ಒಂದು ತಿಂಗಳು ಗೇರ್ ಮುಟ್ಟಕೂಡದಂತೆ. ಸರಿಯಾದ ಹೊತ್ತಿಗೇ ಬಂತು — ಮುಂದಿನ ವಾರದಿಂದ ಹೋಟೆಲಿನ ಸೋಫಾಗಳನ್ನು ಒಂದೊಂದಾಗಿ ತರಬೇಕು, ಹೊಸ ಬಟ್ಟೆ ಹೊಲಿದು ವಾಪಸು ಕೊಡಬೇಕು. ಮಾವನ ಲೈಸೆನ್ಸು ಕಣ್ಣಿನ ದೆಸೆಯಿಂದ ಹೋಗಿದೆ. ನನ್ನ ಗಂಡ ಅನ್ನಿಸಿಕೊಂಡವರು ಹೊಲಿಗೆ ಮೆಷಿನ್ನಿನ ಪೆಡಲ್ ಬಿಟ್ಟು ಬೇರೆ ಪೆಡಲ್ ಮೇಲೆ ಕಾಲಿಟ್ಟವರೇ ಅಲ್ಲ. ರಸ್ತೆ ದಾಟುವಾಗಲೂ ನನ್ನ ಸೆರಗು ಹುಡುಕುತ್ತಾರೆ.

ಉಳಿದದ್ದು ಮಗಳು. ಹೊಸ ಲೈಸೆನ್ಸು. "ನಾನಿಲ್ವಾ ಅಮ್ಮ?" ಅಂದಳು. ಮುಖ ನೋಡಬೇಕಿತ್ತು. ನನ್ನ ಮಣಿಕಟ್ಟು ಉಳುಕಲಿ ಅಂತ ಹರಕೆ ಹೊತ್ತಿದ್ದಳೇನೋ.

ಸಂಜೆ ತಾತನ ಪಾಠ. ಗಾಡಿ ನಿಂತಲ್ಲೇ ನಿಂತಿತ್ತು, ಪಾಠ ಓಡುತ್ತಿತ್ತು.

"ಬ್ರೇಕ್ ಎರಡು ಸಲ ಒತ್ಬೇಕು ಕಣೇ. ಮೊದಲನೇದು ಕರೆಯೋದಕ್ಕೆ, ಎರಡನೇದು ಹೇಳೋದಕ್ಕೆ. ದೊಡ್ಡವರನ್ನ ಏಕಾಏಕಿ ನಿಲ್ಲಿಸಬಾರದು."

"ಡ್ರೈವಿಂಗ್ ಸ್ಕೂಲಲ್ಲಿ ಒಂದೇ ಸಲ ಒತ್ತೋಕೆ ಹೇಳ್ಕೊಟ್ಟಿದ್ದು ತಾತ."

"ಅದು ಸ್ಕೂಲ್ ಗಾಡಿ."

ಅಲ್ಲಿಗೆ ಮುಗಿಯಿತು. ನಾನೂ ಎರಡು ಸಲವೇ ಒತ್ತುತ್ತೇನೆ. ಕಾಲಿಗೆ ರೂಢಿಯಾಗಿದೆ.

ಅಕ್ಟೋಬರ್ 11, ಮಧ್ಯಾಹ್ನ 3

ಯಾರಿಗೂ ಏನೂ ಆಗಿಲ್ಲ. ಅದನ್ನೇ ಮೊದಲು ಬರೆದುಬಿಡುತ್ತೇನೆ.

ಮಗಳು ಇಳಿಜಾರು ಇಳಿದು ಅಂಗಡಿಯ ಮುಂದೆ ನಿಲ್ಲಿಸಬೇಕಿತ್ತು. ನಿಲ್ಲಲಿಲ್ಲ. ನಾನು ಬಾಗಿಲಲ್ಲೇ ಇದ್ದೆ, ಅವಳ ಮುಖ ಕಾಣುತ್ತಿತ್ತು, ಬಾಯಿ ತೆರೆದಿತ್ತು... ಗಾಡಿ ನೇರ ಬಂದು ಹೊರಗಿಟ್ಟಿದ್ದ, ಬಟ್ಟೆ ಬದಲಿಸಲು ಬಂದಿದ್ದ ಟೀಚರಮ್ಮನ ಹಳೇ ಸೋಫಾಗೆ ಗುದ್ದಿತು. ಅದನ್ನು ಗೋಡೆಯವರೆಗೂ ತಳ್ಳಿಕೊಂಡು ಹೋಗಿ ನಿಂತಿತು. ಗೋಡೆಯಿಂದ ಒಂದೆರಡು ಹೆಜ್ಜೆ ಈಚೆಗೆ ನಾನು.

ಮಾವ ಗಾಡಿಯೊಳಗಿಂದಲೇ ಕೂಗಾಡಿದರು, ಬೀದಿಗೆಲ್ಲ ಕೇಳುವಂತೆ. "ಎರಡು ಸಲ! ಎರಡು ಸಲ ಅಂತ ಬಡ್ಕೊಂಡೆನಲ್ಲ!"

"ಗಟ್ಟಿಯಾಗೇ ಒತ್ತಿದೆ ತಾತ. ಪೆಡಲ್ಲು ಕೆಳಗೆ ಹೋಗ್ಬಿಡ್ತು."

"ಮಾತು ಬೇರೆ! ನಿಮ್ಮಮ್ಮ ಅಲ್ಲೇ ನಿಂತಿದ್ಳು!"

ನಾನೂ ಸುಮ್ಮನಿರಲಿಲ್ಲ. ತಾತ ಹೇಳಿದ ಹಾಗೆ ಕೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಅಂದೆ. ಮಗಳು ನನ್ನನ್ನೊಮ್ಮೆ ನೋಡಿದಳು. ಕೀ ತಂದು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಇಟ್ಟಳು. ಎಸೆದಿದ್ದರೆ ಚಿಂತೆಯಿರಲಿಲ್ಲ. ಮೆಲ್ಲಗೆ ಇಟ್ಟಳು.

"ಇನ್ನು ನಾನು ಓಡಿಸಲ್ಲಮ್ಮ. ಯಾವ ಗಾಡೀನೂ."

ಅಕ್ಟೋಬರ್ 12

ಮನೆಯಲ್ಲಿ ಮಾತಿಲ್ಲ. ಮಗಳು ತಟ್ಟೆ ತಗೊಂಡು ರೂಮಿಗೆ ಹೋಗುತ್ತಾಳೆ. ಮಾವ ಗಾಡಿ ತೊಳೆಯುತ್ತಾರೆ, ತೊಳೆದದ್ದನ್ನೇ ಮತ್ತೆ ತೊಳೆಯುತ್ತಾರೆ. ಇವರು ನಡುವೆ ಓಡಾಡಿ, "ಅವಳು ಊಟ ಮಾಡಿದ್ಳು", "ಅಪ್ಪ ಊಟ ಮಾಡಿದ್ರು" ಅಂತ ನನಗೆ ವರದಿ ಒಪ್ಪಿಸುತ್ತಾರೆ.

ಹೋಟೆಲಿನ ಮ್ಯಾನೇಜರ್ ಫೋನ್ ಮಾಡಿದ್ದ. ಎರಡು ದಿನ ತಡಿ ಅಂದೆ.

ಸೋಫಾ ಕೆಲಸ ಹೋದರೆ ಹೋಗಲಿ. ಆ ಹುಡುಗಿ ಸ್ಟೇರಿಂಗ್ ಹಿಡಿದಾಗ ಎಷ್ಟು ಚೆನ್ನಾಗಿ ಕಾಣುತ್ತಿದ್ದಳು... ಆ ಮುಖ ಮತ್ತೆ ಬೇಕು ನನಗೆ.

ಅಕ್ಟೋಬರ್ 13, ಬೆಳಿಗ್ಗೆ 6

ಪೆಡಲ್ಲು ಕೆಳಗೆ ಹೋಗ್ಬಿಡ್ತು ಅಂದಳಲ್ಲ. ಅದೇ ಮಾತು ತಲೆಯಲ್ಲಿ ಕೊರೆಯುತ್ತಿತ್ತು.

ಎದ್ದವಳೇ ಕೀ ತಗೊಂಡೆ. ಅಂಗಡಿಯ ಹಿಂದಿನ ಅಂಗಳ, ಸಮತಟ್ಟು ಜಾಗ. ಪಟ್ಟಿ ಕಟ್ಟಿದ ಕೈಯಲ್ಲೇ ಫಸ್ಟ್ ಗೇರ್. ಡಾಕ್ಟರಿಗೆ ಹೇಳುವವರು ಯಾರು? ಸ್ವಲ್ಪ ಮುಂದೆ ಬಿಟ್ಟು ಬ್ರೇಕ್ ಒತ್ತಿದೆ. ಒಂದೇ ಸಲ.

ಪಾದ ನೆಲಕ್ಕೆ ಮುಟ್ಟಿತು. ಗಾಡಿ ಪಾಡಿಗೆ ಗಾಡಿ ಹೋಗುತ್ತಲೇ ಇತ್ತು.

ಇನ್ನೊಮ್ಮೆ ಒತ್ತಿದೆ. ನಿಂತಿತು. ಹಿಂದಕ್ಕೆ ತಂದು ಮತ್ತೆ ನೋಡಿದೆ. ಹಾಗೇ. ಮೊದಲು ದೊಡ್ಡಮ್ಮ ಒಂದೇ ಸಲಕ್ಕೆ ನಿಲ್ಲುತ್ತಿದ್ದಳು, ಖಂಡಿತ. ಒಂದು ಯಾವಾಗ ಎರಡಾಯಿತು? ಯಾರಿಗೂ ನೆನಪಿಲ್ಲ. ಸ್ವಲ್ಪ ಸ್ವಲ್ಪವೇ ಆಗಿರಬೇಕು, ನಾವೂ ಸ್ವಲ್ಪ ಸ್ವಲ್ಪವೇ ಹೊಂದಿಕೊಂಡುಬಿಟ್ಟೆವು. ಅದಕ್ಕೊಂದು ಪಾಠ ಬೇರೆ — ಕರೆಯೋದಕ್ಕೆ, ಹೇಳೋದಕ್ಕೆ!

ಅದೇ ದಿನ, ಸಂಜೆ

ಮೆಕ್ಯಾನಿಕ್ಕಿನ ಶೆಡ್ಡಿಗೆ ಒಯ್ದೆ. ಸುತ್ತು ಹಾದಿ, ಇಳಿಜಾರಿಲ್ಲದ್ದು, ನಡೆಯುವವರು ನಮ್ಮನ್ನು ದಾಟಿ ಹೋಗುವಷ್ಟು ನಿಧಾನ. ಇವರು ಪಕ್ಕದಲ್ಲಿ ಕೂತು ಹ್ಯಾಂಡ್‌ಬ್ರೇಕ್ ಹಿಡಿದುಕೊಂಡಿದ್ದರು, ಕಣ್ಣು ಮುಚ್ಚಿಕೊಂಡು. ಕಿಟಕಿ ಪಕ್ಕ ಮಾವ. "ಯಾಕೆ ಸುಮ್ನೆ? ದೊಡ್ಡಮ್ಮಂಗೆ ಏನೂ ಆಗಿಲ್ಲ" ಅನ್ನುತ್ತಲೇ ಬಂದರು.

ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಹಳೇ ಗಾಡಿಯಲ್ಲವೇ. ಮೆಕ್ಯಾನಿಕ್ ಹಿಂದಿನ ಚಕ್ರ ಬಿಚ್ಚಿ, ಸುತ್ತಿಗೆಯಿಂದ ತಟ್ಟಿ ತಟ್ಟಿ ಡ್ರಮ್ ಎಳೆದ. ಕಪ್ಪು ಪುಡಿ ಸುರಿಯಿತು. ಒಳಗೆ ಬ್ರೇಕಿನ ಶೂಗಳು, ಬ್ರೇಕ್ ಒತ್ತಿದಾಗ ಡ್ರಮ್ಮಿಗೆ ತಾಗಿ ಚಕ್ರ ಹಿಡಿಯುವ ಕಬ್ಬಿಣದ ಬಿಲ್ಲುಗಳು. ಅವುಗಳ ಮೈಗೆ ದಪ್ಪಗೆ ಲೈನರ್ ಪಟ್ಟಿ ಇರಬೇಕು. ಇರಲೇ ಇಲ್ಲ. ಅದನ್ನು ಹಿಡಿದಿದ್ದ ರಿವೆಟ್ಟಿನ ತಲೆಗಳು ಕಬ್ಬಿಣವನ್ನೇ ಉಜ್ಜಿ ಉಜ್ಜಿ ಮಿರಿಮಿರಿ ಮಿಂಚುತ್ತಿದ್ದವು. ಡ್ರಮ್ಮಿನ ಒಳಮೈ ತುಂಬ ಗೆರೆ, ಉಗುರು ಸಿಕ್ಕಿಕೊಳ್ಳುವಷ್ಟು ಆಳ.

"ಯಜಮಾನ್ರೇ, ಲೈನರ್ ಎಲ್ಲಿ?" ಅಂದ ಮೆಕ್ಯಾನಿಕ್.

ಮಾವ ಬಗ್ಗಿ ನೋಡಿದರು. "ಬಾಯಾರಿಕೆ ಅಂತ ಆಯಿಲ್ ಹಾಕ್ತಾನೇ ಇದ್ನಲ್ಲ..."

"ಇದು ಸವೆದಷ್ಟೂ ಆಯಿಲ್ ಕೆಳಗಿಳಿಯುತ್ತೆ. ಕುಡಿದಿದ್ದಲ್ಲ ಅದು. ಶೂಗೂ ಡ್ರಮ್‌ಗೂ ಇಷ್ಟು ದೂರ ಆಗಿದೆ, ಒಂದು ಸಲ ಒತ್ತಿದ್ರೆ ಮುಟ್ಟೋದೇ ಇಲ್ಲ. ಯಾರು ಗುದ್ದಿದ್ದು?"

"ಮಗಳು" ಅಂದೆ.

"ಅವಳದ್ದೇನೂ ತಪ್ಪಿಲ್ಲಕ್ಕಾ. ಬ್ರೇಕ್ ಇದ್ದಿದ್ರೆ ನಿಲ್ತಿತ್ತು."

ಮಾವ ಒಂದು ಶೂ ಕೈಗೆತ್ತಿಕೊಂಡರು. ಅತ್ತಿತ್ತ ತಿರುಗಿಸಿದರು. ಹೆಗಲ ಮೇಲಿನ ಟವೆಲಿನಿಂದ ಒರೆಸಿದರು. ಆಮೇಲೆ, "ನಾನು ನಡ್ಕೊಂಡು ಹೋಗ್ತೀನಮ್ಮ" ಅಂದು ಹೊರಟೇಬಿಟ್ಟರು. ಶೂ ಕೈಯಲ್ಲೇ ಇತ್ತು.

ಬೆಳಿಗ್ಗೆಯಿಂದ ಅವರ ಮೇಲೆ ಕುದಿಯುತ್ತಿದ್ದೆ. ನಾಲ್ಕು ಮಾತು ಆಡಬೇಕು ಅಂದುಕೊಂಡಿದ್ದೆ. ಆ ಬೆನ್ನು ನೋಡಿ ಒಂದೂ ಬರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ, ಸೊಸೆಗೆ ಯಾಕೆ ಗಾಡಿ ಅಂತ ಎಲ್ಲರೂ ಅಂದಾಗ ಕೀ ತಂದು ನನ್ನ ಕೈಗಿಟ್ಟವರು. ನನಗೆ ತುಂಬಾ ಪ್ರೀತಿ ಅವರ ಮೇಲೆ. ಎದುರಿಗೆ ಹೇಳಿದರೆ ತಲೆ ಮೇಲೆ ಕೂರುತ್ತಾರೆ, ಇಲ್ಲೇ ಇರಲಿ.

ಅಕ್ಟೋಬರ್ 14

ಮಗಳ ರೂಮಿನ ಬಾಗಿಲಲ್ಲಿ ಮಾವ. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಶೂ. ನಾನು ಒಗೆದ ಬಟ್ಟೆ ಮಡಿಸುತ್ತಿದ್ದೆ. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದೆ.

"ಇದನ್ನ ಇಟ್ಕೋ" ಅಂದರು. "ಇನ್ಮೇಲೆ ನಾನು ಬೈದ್ರೆ ಇದನ್ನ ತೆಗೆದು ತೋರಿಸು. ಬಾಯಿ ಮುಚ್ಕೋತೀನಿ."

"ಸಾರಿ ಕೇಳ್ತಿದೀರಾ ತಾತ?"

"ಇಲ್ಲ. ಸಾಮಾನು ಕೊಡ್ತಿದೀನಿ."

ಮಗಳು ನಕ್ಕಳು. ನಗುತ್ತಲೇ ಅತ್ತಳು. ಇವರು ಅಡುಗೆಮನೆಯಿಂದ ಇಣುಕಿ, "ಮಾತಾಡಿದ್ರು" ಅಂತ ನನಗೆ ವರದಿ.

ಆದರೆ ಗಾಡಿ ಓಡಿಸ್ತೀಯಾ ಅಂದರೆ ತಲೆ ಅಲ್ಲಾಡಿಸಿದಳು. "ಕಾಲು ಇಟ್ರೆ ಅದೇ ನೆನಪಾಗುತ್ತೆ ತಾತ. ಕೆಳಗೆ ಹೋಗ್ಬಿಡುತ್ತೆ ಅನ್ಸುತ್ತೆ."



ಅಕ್ಟೋಬರ್ 18

ಗಾಡಿ ಬಂತು. ಹೊಸ ಶೂ, ಲೇತಿಗೆ ಕೊಟ್ಟು ನಯ ಮಾಡಿಸಿದ ಡ್ರಮ್ಮು. ಮೆಕ್ಯಾನಿಕ್ಕೇ ತಂದು ಇಳಿಜಾರಿನ ಮೇಲ್ಗಡೆ ನಿಲ್ಲಿಸಿ ಹೋದ. ಅದಕ್ಕೆ ಮೊದಲು ಅವನ ಶೆಡ್ಡಿನಲ್ಲೇ ಮಾವ ಹಟ ಹಿಡಿದು ಒಂದು ಸುತ್ತು ಓಡಿಸಿದರಂತೆ. ರೂಢಿಯಂತೆ ಎರಡು ಸಲ ಒತ್ತಲು ಹೋದರು. ಮೊದಲನೆಯದಕ್ಕೇ ಗಾಡಿ ಗಕ್ಕನೆ ನಿಂತು ಕನ್ನಡಕ ಡ್ಯಾಶ್‌ಬೋರ್ಡಿಗೆ ಹಾರಿತು. "ದೊಡ್ಡಮ್ಮಂಗೆ ಕಿವಿ ಬಂತು!" ಅಂತ ಬೀದಿಗೆಲ್ಲ ಹೇಳಿಕೊಂಡು ಬಂದರು.

ತಾತ ಬಿಡದೆ ಕರೆದದ್ದಕ್ಕೆ ಮಗಳು ಸೀಟಿನಲ್ಲಿ ಕೂತಳು. ಎಂಜಿನ್ ಆನ್. ಗಾಡಿ ಮಾತ್ರ ಅಲ್ಲಾಡಲಿಲ್ಲ. ಸ್ಟೇರಿಂಗ್ ಹಿಡಿದ ಬೆರಳು ಬಿಳಿಚಿಕೊಂಡಿದ್ದವು.

ಪಕ್ಕದಲ್ಲಿದ್ದ ಮಾವ ಇಳಿದರು. ಇಳಿಜಾರು ಇಳಿದು ಅಂಗಡಿ ಮುಂದೆ ಬಂದರು, ಹಿಂದೆಯೇ ನಾನೂ. ಟೀಚರಮ್ಮನ ಸೋಫಾ ಅಲ್ಲೇ ಇತ್ತು, ಗೋಡೆಗೆ ಒರಗಿ. ಹೋಗಿ ಅದರ ಮೇಲೆ ಕೂತರು. ಕಾಲು ಚಾಚಿಕೊಂಡು, ಮದುವೆ ಮನೆಗೆ ಬಂದವರ ಹಾಗೆ.

"ಬಾರೇ!" ಅಂತ ಕೂಗಿದರು. "ನಾನಿಲ್ಲೇ ಕೂತಿರ್ತೀನಿ!"

"ಮಾವ, ಏಳಿ ಮೇಲೆ! ಬುದ್ಧಿ ಇದೆಯಾ ನಿಮಗೆ?" ಅಂದೆ. ಇಷ್ಟು ವರ್ಷದಲ್ಲಿ ಅವರಿಗೆ ಹಾಗಂದಿರಲಿಲ್ಲ.

"ಬ್ರೇಕು ನೋಡಿದೀನಮ್ಮ. ಅವಳನ್ನೂ ನೋಡಿದೀನಿ."

ಏಳಲಿಲ್ಲ. ಎಳೆದರೂ ಏಳಲಿಲ್ಲ. ಕೊನೆಗೆ ನಾನೂ ಪಕ್ಕದಲ್ಲಿ ಕೂತೆ. ಹುಚ್ಚು ನನಗೂ ಅಂಟಿತ್ತು.

ಗಾಡಿ ಹೊರಟಿತು. ನಿಧಾನ... ಇಳಿಜಾರಿನ ಅರ್ಧಕ್ಕೆ ಬಂದಾಗ ಅವಳ ಮುಖ ಕಂಡಿತು, ಬಾಯಿ ಮುಚ್ಚಿತ್ತು, ಕಣ್ಣು ನಮ್ಮ ಮೇಲೆ. ಮಾವ ನನ್ನ ಕೈ ಹಿಡಿದುಕೊಂಡರು, ನೋವಿನ ಕೈಯನ್ನೇ. ನಾನು ಬಿಡಿಸಿಕೊಳ್ಳಲಿಲ್ಲ. ಗಾಡಿ ನಮ್ಮಿಂದ ಇನ್ನೂ ಎಷ್ಟೋ ದೂರವಿರುವಾಗಲೇ ತಣ್ಣಗೆ ನಿಂತಿತು.

ಕೆಳಗೆ ನೋಡಿದೆ. ಮಾವನ ಬಲಗಾಲು ನೆಲ ಒತ್ತಿಕೊಂಡಿತ್ತು. ನನ್ನದೂ.

ಮಗಳು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಒಂದೇ ಸಲ ತಾತ!" ಅಂದಳು. ಅದೇ ಮುಖ.

ಅಕ್ಟೋಬರ್ 20, ಬೆಳಿಗ್ಗೆ

ಹೋಟೆಲಿಗೆ ಮೊದಲ ಟ್ರಿಪ್. ಸವೆದ ಶೂ ಡ್ಯಾಶ್‌ಬೋರ್ಡಿನ ಮೇಲೆ ಕೂತಿದೆ, ಮಗಳು ಹೊಳೆಯುವ ಹಾಗೆ ಉಜ್ಜಿ ಇಟ್ಟಿದ್ದಾಳೆ. ಪಕ್ಕದ ಸೀಟಿನಲ್ಲಿ ಮಾವ, ಬಾಯಿ ಬಿಡುವುದಿಲ್ಲ ಅಂತ ಮಾತು ಕೊಟ್ಟಿದ್ದಾರೆ. ಗಾಡಿ ಇನ್ನೂ ಹೊರಟೇ ಇಲ್ಲ, ಆಗಲೇ "ಕನ್ನಡಿ ಸರಿ ಮಾಡ್ಕೋ" ಅಂದದ್ದು ಇಲ್ಲಿಗೆ ಕೇಳಿಸಿತು. ಆಮೇಲೆ ಮೌನ. ಶೂ ತೋರಿಸಿರಬೇಕು.

ನನಗಾಗಿ ಕಾಯುತ್ತಿದ್ದಾರೆ. ಹಾರ್ನ್ ಆಯಿತು, ಒಂದು ಸಲ. ಮಗಳು.

ಬಂದೆ ಅಂತ ಕೂಗಿದೆ. ಮತ್ತೆ ಹಾರ್ನ್ — ಈಗ ಎರಡು ಸಲ. ಕರೆಯೋದಕ್ಕೊಂದು, ಹೇಳೋದಕ್ಕೊಂದು. ಪಕ್ಕದ ಸೀಟಿನಿಂದ ಕೈ ಚಾಚಿ ಒತ್ತಿದವರು ಯಾರು ಅಂತ ಬೇರೆ ಬರೆಯಬೇಕಾ? ಹೊರಟೆ.