‘ಮುಗಿಯಿತು’ ಬರುವವರೆಗೆ

ಏಪ್ರಿಲ್ 14, ಸಂಜೆ

ಮತ್ತೆ ಖಾಲಿ ಫೈಲ್. ಥೂ! ಮೆಣಸು ಒಣಗಿಸುವ ಶೆಡ್ಡಿನ ಶಾಖವನ್ನು ಬೆಳಗ್ಗೆಯಿಂದ ದಾಖಲಿಸಬೇಕಿತ್ತು ನನ್ನ ಸಿ ಪ್ರೋಗ್ರಾಂ. ಒಂದು ಸಾಲೂ ಇಲ್ಲ. ರೀಡಿಂಗ್ ಇಲ್ಲದೆ ವೈವಾಕ್ಕೆ ಹೋದರೆ ಡಿಪ್ಲೊಮಾ ಗೋವಿಂದ.

ಗುಡುಗು ಕೇಳಿದ್ದೇ ಅಜ್ಜ ಎಂದಿನಂತೆ ಓಡಿಹೋಗಿ ಮನೆಯ ಮೈನ್ ಸ್ವಿಚ್ ಇಳಿಸಿದರು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಯಿತು...

ಏಪ್ರಿಲ್ 15

ಗೈಡ್ ಸಂಜಯ್ ಸರ್‌ಗೆ ಫೋನ್. “ಕರೆಂಟ್ ಕಿತ್ರೆ, ಫೈಲಿಗೆ ಬೀಳೋ ಮುಂಚೆ ಬಫರ್‌ನಲ್ಲಿ ಕಾಯ್ತಿರೋದೆಲ್ಲ ಹೋಯ್ತು ಕಣಮ್ಮ. ಪ್ರೋಗ್ರಾಂ ನಾರ್ಮಲ್ಲಾಗಿ ಮುಗೀಬೇಕು. ಕೊನೇ ಸಾಲು, ರಿಟರ್ನ್ ಝೀರೋ ತನಕ ಬಂದ್ರೆ ಎಲ್ಲ ಫೈಲಿಗೆ ಬೀಳುತ್ತೆ.”

ಹಾಕಿದ್ದೇನೆ ಸರ್, ರಿಟರ್ನ್ ಝೀರೋ! ಅಲ್ಲಿವರೆಗೆ ಅದು ಬದುಕಲು ನಮ್ಮಜ್ಜ ಸುಬ್ಬಯ್ಯನವರು ಬಿಡಬೇಕಲ್ಲ.

ಏಪ್ರಿಲ್ 18

ಅಜ್ಜನ ಜೊತೆ ಜಗಳ.

“ಮೋಟ್ರು ಸುಟ್ಟೋದ್ರೆ ನಿನ್ ಲ್ಯಾಪ್‌ಟಾಪಲ್ಲಿ ನೀರು ಬತ್ತದೇನವ್ವ ಬಿಂದು?”

ಕೊನೆಗೆ ರಾಜಿ. ಒಂದು ಕೀಗೆ ಕೆಂಪು ಸ್ಟಿಕ್ಕರ್ ಅಂಟಿಸಿದೆ. ಗುಡುಗಿದರೆ ಅದನ್ನು ಒತ್ತಬೇಕು, ಪ್ರೋಗ್ರಾಂ ತಾನೇ ಮುಗಿಯುತ್ತದೆ. ಪರದೆಯ ಮೇಲೆ ‘ಮುಗಿಯಿತು’ ಎಂದು ಬಂದ ಮೇಲೆ ಮೈನ್ ಇಳಿಸಬಹುದು. ಅದಕ್ಕೆ ಮುಂಚೆ ಮುಟ್ಟಕೂಡದು — ನನ್ನ ಮೇಲೆ ಆಣೆ ಹಾಕಿಸಿಕೊಂಡೆ.

ಏಪ್ರಿಲ್ 22

ಸಿಡಿಲು ಅಂಗಳದ ಸಿಲ್ವರ್ ಓಕ್‌ಗೆ ಬಡಿದಿದೆ. ಮೈನ್ ಬೋರ್ಡಿನಿಂದ ಕಿಡಿ ಹಾರಿ ಅಜ್ಜನ ಬಲ ಅಂಗೈ ಸುಟ್ಟಿದೆ. ನಾನು ಕಾಲೇಜಿನಲ್ಲಿದ್ದೆ.

ಅಜ್ಜಿ ಅಳುತ್ತಲೇ ಹೇಳಿದರು: “ಕೀ ಒತ್ಬುಟ್ಟು ಮೈನ್ ಹಿಡಿ ಮೇಲೆ ಕೈ ಇಟ್ಕಂಡು ನಿಂತೇ ಇದ್ರು ಕಣೆ. ಇಳ್ಸಿ ಅಂತ ಬಡ್ಕೊಂಡೆ. ಅದೇನೋ ಅಕ್ಷರ ಬರ್ಬೇಕು, ಮಗೀಗೆ ಆಣೆ ಮಾಡಿವ್ನಿ ಅಂದ್ರು. ಅಕ್ಷರ ಬಂತು, ಹಿಡಿ ಇಳ್ಸೋಷ್ಟ್ರಲ್ಲಿ ಸಿಡ್ಲು ಹೊಡೀತು.”

ಪ್ರೋಗ್ರಾಂ ಪ್ರತಿ ರೀಡಿಂಗ್ ಆದ ಮೇಲೆ ಹತ್ತು ನಿಮಿಷ ಮಲಗುತ್ತದೆ. ಎದ್ದ ಮೇಲೆಯೇ ಕೀ ನೋಡುತ್ತದೆ. ಟೆಸ್ಟ್ ಮಾಡುವಾಗ ಎರಡೇ ಸೆಕೆಂಡ್ ಇಟ್ಟಿದ್ದೆ. ಆಮೇಲೆ ಬದಲಾಯಿಸಿದವಳಿಗೆ ಇದು ಹೊಳೆಯಲೇ ಇಲ್ಲ. ಕತ್ತೆ ನಾನು.

ಏಪ್ರಿಲ್ 24

ನಾಳೆ ವೈವಾ. ಅಡಾಪ್ಟರ್ ಸುಟ್ಟಿತ್ತು, ಪಕ್ಕದ ಮನೆಯ ಶಿವು ತನ್ನದು ಕೊಟ್ಟ. ತೆರೆದು ನೋಡಿದೆ. ಫೈಲ್ ತುಂಬಿದೆ. ಒಂದು ರೀಡಿಂಗೂ ತಪ್ಪಿಲ್ಲ. ಪ್ರೋಗ್ರಾಂ ರಿಟರ್ನ್ ಝೀರೋ ತನಕ ಬಂದಿದೆ — ಆ ಸೊನ್ನೆಗೆ ಎಲ್ಲ ಸರಿಯಾಗಿ ಮುಗಿಯಿತು ಎಂದು ಅರ್ಥ. ನಾಳೆ ಎಕ್ಸ್‌ಟರ್ನಲ್ ಪರೀಕ್ಷಕರು ಕೇಳಿದರೆ ಇದನ್ನೇ ಹೇಳಬೇಕು.

ಅಜ್ಜ ಎಡಗೈಯಲ್ಲಿ ಕಲಸಿಕೊಂಡು ಉಣ್ಣುತ್ತಿದ್ದಾರೆ. “ಬಂತಾ ಮಗ, ನಿನ್ ಲೆಕ್ಕ?” ಎಂದು ಆಗಲೇ ಎರಡು ಸಲ ಕೇಳಿದರು. ಬರೆಯುವುದನ್ನು ಇಲ್ಲಿಗೆ ನಿಲ್ಲಿಸಿ, ಅವರ ತಟ್ಟೆ ಎಳೆದುಕೊಂಡು ನಾನೇ ಕಲಸಿಕೊಡಲು ಹೋಗುತ್ತೇನೆ.