ಕೇಳುವವರನ್ನು ನೋಡಿ

ಅಲ್ ಬರ್ಷಾ, ದುಬೈ
ಗುರುವಾರ, ೧೪ ನವೆಂಬರ್ ೨೦೨೪

ಶಾರನಳ ಅಪ್ಪ ಆನ್ಸೆಲ್ಮರಿಗೆ,

‘ಪ್ರೀತಿಯ’ ಎಂದು ಬರೆಯಲು ಕೈ ಏಳಲಿಲ್ಲ. ಕೊಂಕಣಿಯಲ್ಲಿ ಬರೆದರೆ ಅಳು ಬರುತ್ತದೆ, ಅದಕ್ಕೇ ಕನ್ನಡ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಬಲಗೈಯ ಎರಡು ಬೆರಳು ನೀವು ಮುರಿದಿರಲ್ಲ.

ಕಳೆದ ಶುಕ್ರವಾರ ರುವೈಸ್‌ನ ಕೆಲಸದ ಕ್ಯಾಂಪಿನಿಂದ ಬಂದವರೇ ಅಡುಗೆಮನೆಯಲ್ಲಿ ಕೂತು ಪ್ರಾರ್ಥನಾ ಕೂಟದ ಪಾಠವನ್ನು ನನ್ನ ಕೈಯಲ್ಲಿ ಬರೆಸಿದಿರಿ. ಸಂತ ಪೌಲರು ಯೆಹೂದ್ಯರಿಗೆ ಅವರ ಪೂರ್ವಜರ ಕಥೆಯಿಂದ ಶುರು ಮಾಡಿದರು, ಅಥೆನ್ಸಿನಲ್ಲಿ ಅಲ್ಲಿನವರದೇ ಬಲಿಪೀಠ ತೋರಿಸಿ ಮಾತಾಡಿದರು. ಕೇಳುವವರನ್ನು ನೋಡಿ ಹೇಳಬೇಕು ಎಂದಿರಿ. ಎಷ್ಟು ಚೆಂದದ ಪಾಠ! ಆಮೇಲೆ ಶುರುವಾಯಿತು ನಿಮ್ಮ ವರಸೆ. ಕ್ಯಾಂಪಿನ ಕೂಲಿಯವರಿಗೆ ತಾಳ್ಮೆಯ ವಾಕ್ಯ, ಇಂಜಿನಿಯರುಗಳಿಗೆ ಆಶೀರ್ವಾದದ ವಾಕ್ಯ, ಹೆಂಗಸರಿಗೆ ಗಂಡನಿಗೆ ತಗ್ಗಿ ನಡೆಯುವ ವಾಕ್ಯ. ಅದರ ಕೆಳಗಿನ ವಾಕ್ಯವನ್ನೂ, ನೀವು ಹೇಳದಿದ್ದರೂ, ನಾನು ಬರೆದೆ: ಗಂಡ ಹೆಂಡತಿಯನ್ನು ತನ್ನ ಮೈಯಂತೆಯೇ ಪ್ರೀತಿಸಬೇಕು.

ಅಷ್ಟಕ್ಕೇ ನನ್ನ ಕೈಯನ್ನು ಡ್ರಾವರಿಗೆ ಸಿಕ್ಕಿಸಿ ಒದ್ದಿರಿ. ಮೂಳೆ ಮುರಿದ ಸದ್ದು ನಿಮಗೂ ಕೇಳಿತ್ತು. ಮತ್ತೆ ಒದ್ದಿರಿ. ಒಂಬತ್ತು ವರ್ಷದ ಶಾರನ್ ‘ಸ್ಟಾಪ್ ಇಟ್ ಡ್ಯಾಡಾ’ ಎಂದು ಅಡ್ಡ ಬಂದರೆ, ಕೂದಲು ಹಿಡಿದು ಅವಳ ತಲೆಯನ್ನು ಗೋಡೆಗೆ ಬಡಿದಿರಿ. ಎರಡನೇ ಸಲ ಬಡಿಯುವ ಮುಂಚೆ ಒಲೆಯ ಮೇಲಿದ್ದ ಕಬ್ಬಿಣದ ಕಾವಲಿ ಎತ್ತಿ ನಿಮ್ಮ ದವಡೆಗೆ ಬಾರಿಸಿದೆ. ಹಲ್ಲು ನೆಲಕ್ಕೆ ಬಿದ್ದವು. ನನಗೆ ಪಶ್ಚಾತ್ತಾಪವಿಲ್ಲ, ಹನ್ನೊಂದು ವರ್ಷ ತಡವಾಯಿತಲ್ಲ ಎಂಬ ಸಂಕಟ ಮಾತ್ರ ಇದೆ.

ಆಸ್ಪತ್ರೆಯಲ್ಲಿ ನಿಮ್ಮ ದವಡೆಗೆ ತಂತಿ ಹಾಕಿದ್ದಾರಂತೆ. ಆದರೂ ಫೋನಿನಲ್ಲಿ ಬೆರಳಾಡುತ್ತಿದೆ. ಕಂಪನಿಗೆ ಮೆಟ್ಟಿಲಿಂದ ಬಿದ್ದೆ, ಫಾದರಿಗೆ ಕಾರು ಅಪಘಾತ, ನಿಮ್ಮ ಅಮ್ಮನಿಗೆ ಹಲ್ಲಿನ ಆಪರೇಷನ್. ನನಗೆ ಮಾತ್ರ, ‘ಬಾಯಿ ಬಿಟ್ಟರೆ ನಿನಗೆ ಜೈಲು, ಮಗಳು ನನಗೆ’ ಎಂದು.

ನಾನೇನು ಕಡಿಮೆಯೇ? ಡಾಕ್ಟರಿಗೆ ಬಚ್ಚಲಲ್ಲಿ ಜಾರಿದೆ, ಊರಿಗೆ ಸುಖವಾಗಿದ್ದೇವೆ. ಪಕ್ಕದ ಫ್ಲ್ಯಾಟಿನ ಮುನೀರಾ ಮಾತ್ರ ನಂಬಲಿಲ್ಲ. ಎಂತ ಮಾರಾಯ್ತಿ, ನಿನ್ನ ಬಚ್ಚಲು ಅಷ್ಟು ಜಾರ್ತದಾ ಎಂದು ಕೇಳಿದಳು. ನನಗೆ ಅಳು ತಡೆಯಲಾಗಲಿಲ್ಲ. ಸಾಕು. ಖಲಾಸ್.

ಶಾರನಳ ಅಮ್ಮ,
ಎವ್ಲಿನ್

ತಾ.ಕ.: ಈ ಪತ್ರ ನಿಮಗೊಬ್ಬರಿಗೇ ಎಂದುಕೊಳ್ಳಬೇಡಿ. ಒಂದು ಪ್ರತಿ ಫಾದರಿಗೆ, ಒಂದು ನಿಮ್ಮ ಅಮ್ಮನಿಗೆ, ದೇರಾದ ಟೈಪಿಂಗ್ ಸೆಂಟರಿನಲ್ಲಿ ಅರಬ್ಬಿಗೆ ಅನುವಾದ ಮಾಡಿಸಿದ್ದು ಪೊಲೀಸರಿಗೆ. ಕೇಳುವವರನ್ನು ನೋಡಿ ಒಂದು ಮಾತನ್ನೂ ಬದಲಿಸಿಲ್ಲ; ಕಾವಲಿಯ ಸಾಲನ್ನೂ ಬಿಟ್ಟಿಲ್ಲ. ಈಗ ಠಾಣೆಗೆ ಹೊರಟಿದ್ದೇನೆ. ಶಾರನ್ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ತನ್ನದನ್ನು ತಾನೇ ಹೇಳುತ್ತಾಳಂತೆ.